ಗಂಡ ಬಿಟ್ಟಾಕಿ ರೊಟ್ಟಿ

ನನ್ನ ಕಂಪನಿಯ ನಿಜವಾದ ಹೆಸರು ನನಗೆ ಗೊತ್ತಾದದ್ದು ಅದು ಶುರುವಾಗಿ ಹದಿನೈದು ವರ್ಷ ಕಳೆದ ಮೇಲೆ. ಅದೂ ನನ್ನನ್ನು ಕಂಡೇ ಇರದ ಒಬ್ಬ ಪರಊರಿನ ಮನುಷ್ಯನ ಬಾಯಿಂದ.

ಹನುಮನಹಳ್ಳಿಯಲ್ಲಿ ಅಂಜನಾದ್ರಿ ಬೆಟ್ಟಕ್ಕೆ ಬರುವವರಿಗೆಂದು ಹೊಸದೊಂದು ವಸತಿಗೃಹ ಎದ್ದಿತ್ತು. ಅಲ್ಲಿಯ ಮ್ಯಾನೇಜರಿಗೆ ಕಡಕ್ ರೊಟ್ಟಿ ಬೇಕಾಗಿವೆ ಎಂದು ಯಾರೋ ಹೇಳಿದರು. ಯಲಬುರ್ಗಾದಿಂದ ನಾನೇ ಫೋನ್ ಹಚ್ಚಿದೆ. ಆತ ಮೈಸೂರು ಕಡೆಯವನು. ನಾನು ಬಾಯಿ ತೆರೆಯುವ ಮೊದಲೇ, "ಹೇಳಿ ಮೇಡಂ, ಗಂಡ ಬಿಟ್ಟಾಕಿ ರೊಟ್ಟಿಯವರಲ್ವಾ?" ಎಂದ.

"ಏನಂದ್ರಿ?" ಎಂದೆ.

"ನಿಮ್ಮ ಕಂಪನಿ ಹೆಸರು ಮೇಡಂ. ನನ್ನ ಫೋನಲ್ಲಿ ಬರ್ತಿದೆ, ಗಂಡ ಬಿಟ್ಟಾಕಿ ರೊಟ್ಟಿ, ಯಲಬುರ್ಗಾ ಅಂತ. ತುಂಬಾ ಚೆನ್ನಾಗಿದೆ, ಡಿಫರೆಂಟಾಗಿದೆ. ಯಾರು ಇಟ್ಟಿದ್ದು?"

ಪಾಪ, ಅವನದೇನೂ ತಪ್ಪಿಲ್ಲ. ನಾನು ಮಾತ್ರ ಅವನಿಗೆ ಬಾಯಿಗೆ ಬಂದದ್ದು ಬೈದು ಫೋನ್ ಇಟ್ಟೆ. ಆ ಗಿರಾಕಿ ಅವತ್ತೇ ಹೋದ.

ಸಂಜೆ ಮಗಳು ಕೆಲಸ ಮುಗಿಸಿ ಬಂದಾಗ ಕೇಳಿದೆ. ಅವಳು ತಲೆ ಎತ್ತದೆ ವಿವರಿಸಿದಳು. ಯಾರು ಕರೆ ಮಾಡುತ್ತಿದ್ದಾರೆ ಎಂದು ತೋರಿಸುವ ಆಪ್ ಒಂದಿದೆಯಂತೆ. ಮಂದಿ ತಮ್ಮ ತಮ್ಮ ಫೋನಿನಲ್ಲಿ ನಮ್ಮ ನಂಬರಿಗೆ ಯಾವ ಹೆಸರು ಬರೆದುಕೊಂಡಿರುತ್ತಾರೋ ಅದನ್ನೆಲ್ಲ ಅದು ಕೂಡಿಸಿಕೊಂಡು, ಹೆಚ್ಚು ಮಂದಿ ಏನು ಬರೆದಿದ್ದಾರೋ ಅದನ್ನು ಊರಿಗೆಲ್ಲ ತೋರಿಸುತ್ತದಂತೆ. ಅಂದರೆ ಕೊಪ್ಪಳದ ಖಾನಾವಳಿಯವರು, ಕುಷ್ಟಗಿಯ ಧಾಬಾದವರು, ಮದುವೆಗೆಂದು ರೊಟ್ಟಿ ಒಯ್ದವರು, ಎದುರಿಗೆ "ಅಕ್ಕಾರ", "ತಾಯಿ" ಎಂದು ಕೈಮುಗಿಯುತ್ತಿದ್ದವರೆಲ್ಲ ಫೋನಿನೊಳಗೆ ನನ್ನನ್ನು ಹೀಗೆ ಬರೆದಿಟ್ಟುಕೊಂಡಿದ್ದರು. ಕಳ್ಳರು. ಒಬ್ಬೊಬ್ಬರ ಮುಖ ನೆನೆಸಿಕೊಂಡು ನಾನು ಆ ವಾರವೆಲ್ಲ ಹಲ್ಲು ಕಡಿದೆ.

ಗಂಡ ಬಿಟ್ಟುಹೋದವಳು ಎಂಬ ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ದೊಡ್ಡ ಕಷ್ಟ. ಮಗಳು ಶಾಲೆಯ ಒಂದನೇತ್ತೆಯಲ್ಲಿದ್ದಾಗ ಗೋವಾಕ್ಕೆ ದುಡಿಯಲು ಹೋದ ನನ್ನ ಗಂಡ ಅಲ್ಲಿಯೇ ಇನ್ನೊಂದು ಸಂಸಾರ ಮಾಡಿಕೊಂಡು ಉಳಿದ. ನಾನು ಹಿಟ್ಟು ನಾದುವ ಕೊಣಮಿಗೆ ಮುಂದಿಟ್ಟುಕೊಂಡು ಮಂದಿಯ ಮದುವೆಗೆ ರೊಟ್ಟಿ ಬಡಿಯಲು ಕೂತೆ. ಮೊದಲು ಒಬ್ಬಳೇ, ಆಮೇಲೆ ನಾಲ್ವರು, ಈಗ ಹದಿನಾಲ್ಕು ಜನ ಹೆಂಗಸರು. ಲೈಸೆನ್ಸು ಮಾಡಿಸುವಾಗ ಒಂದು ದೇವರ ಹೆಸರು ಬರೆಸಿ, ಹಿಂದೆ ಗೃಹ ಉದ್ಯಮ ಎಂದು ಸೇರಿಸಿದ್ದೆ. ಅದೇ ದೇವರ ಹೆಸರಿನ ಗೃಹ ಉದ್ಯಮಗಳು ನಮ್ಮ ತಾಲೂಕಿನಲ್ಲಿ ಇನ್ನೂ ಎಷ್ಟೋ ಇದ್ದವು. ಊರಿನವರಿಗೆ ಗುರುತು ಹಿಡಿಯಲು ಒಂದು ಹೆಸರು ಬೇಕಾಗಿತ್ತು, ಅವರೇ ಇಟ್ಟುಕೊಂಡಿದ್ದರು.

ಸಿಟ್ಟು ತಾನಾಗಿಯೇ ಇಳಿಯುತ್ತಿತ್ತೇನೋ. ಆದರೆ ಅಷ್ಟರಲ್ಲಿ ಕನಕಗಿರಿಯಿಂದ ಮಗಳಿಗೆ ಒಂದು ಸಂಬಂಧ ಬಂತು. ಹುಡುಗ ಸರಕಾರಿ ನೌಕರ, ಮನೆತನ ಒಳ್ಳೆಯದು, ಮೂರು ತಿಂಗಳು ಬಿಟ್ಟು ನೋಡಲು ಬರುತ್ತೇವೆ ಎಂದರು. ಮಗಳು ಅವತ್ತು ನನ್ನ ಮುಂದೆ ಬಂದು ಕೂತಳು.

"ಅವ್ವಾ, ಅವರು ನೋಡಾಕ ಬರೂದ್ರಾಗ ಆ ಹೆಸರು ಹೋಗಬೇಕು. ನಾ ಮತ್ತೇನೂ ಕೇಳಂಗಿಲ್ಲ ನಿನಗ."

ಅವಳು ಎಂದೂ ಏನೂ ಕೇಳಿದವಳಲ್ಲ. ಆಗಲಿ ಎಂದೆ.

ಮಗಳು ಕೊಪ್ಪಳದ ಒಂದು ಬೈಕ್ ಶೋರೂಮಿನಲ್ಲಿ ಕೆಲಸಕ್ಕಿದ್ದಳು. ಆ ಶೋರೂಮಿನವರು ಹೋದ ವರ್ಷ ತಮ್ಮ ಹೆಸರು, ಬೋರ್ಡು, ಅಂಗಿಯ ಬಣ್ಣ ಎಲ್ಲ ಬದಲಿಸಿದ್ದರಿಂದ ಅವಳಿಗೆ ಆ ಕೆಲಸದ ದಾರಿ ಗೊತ್ತಿತ್ತು. ಮೊದಲು ಕೆಲಸದವರಿಗೆ ಹೇಳಬೇಕು, ಆಮೇಲೆ ಗಿರಾಕಿಗಳಿಗೆ ಸಂದೇಶ ಹೋಗಬೇಕು, ಅದೇ ದಿನ ಬೋರ್ಡು ಏರಬೇಕು, ಅದೇ ದಿನ ಹೊಸ ಕವರು ಬರಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದು ಇಟ್ಟಳು. ಹೊಸ ಹೆಸರನ್ನೂ ಅವಳೇ ಹುಡುಕಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಜಾಹೀರಾತು ಕೊಡಲು ನಾನು ಇದನ್ನು ಬರೆಯುತ್ತಿಲ್ಲ. ಸಂಸ್ಕೃತದ ಶಬ್ದ, ಕೇಳಲು ಚಂದ, ನನ್ನ ನಾಲಿಗೆಗೆ ಹೊರಳಲು ಒಂದು ವಾರ ಬೇಕಾಯಿತು. ಅದುವರೆಗೆ ಬರಿಯ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕೊಡುತ್ತಿದ್ದ ರೊಟ್ಟಿಗೆ ಹಸಿರು ಬಣ್ಣದ, ಮೂಗುತಿ ಇಟ್ಟ ಹೆಣ್ಣಿನ ಚಿತ್ರದ ಕವರು ಬಂತು. ಫೋನ್ ನಂಬರನ್ನೂ ಬದಲಿಸಿದಳು. ಹಳೆಯ ನಂಬರಿಗೆ ಆ ಹೆಸರು ಅಂಟಿಕೊಂಡುಬಿಟ್ಟಿದೆ, ಅದನ್ನು ಬಂದ್ ಮಾಡಿದರೇ ಅದು ಸಾಯುವುದು ಎಂದಳು.

ಎಲ್ಲ ಸರಿಯೇ. ಆದರೆ ಸಂದೇಶ ಬರೆಯಲು ಕೂತಾಗ ತಾಯಿ ಮಗಳು ಇಬ್ಬರೂ ಪೆನ್ನು ಕಚ್ಚುತ್ತ ಕೂತೆವು. "ನಮ್ಮ ಹೆಸರು ಬದಲಾಗಿದೆ" ಎಂದು ಬರೆದರೆ, ಯಾವ ಹೆಸರು ಬದಲಾಗಿದೆ? ಲೈಸೆನ್ಸಿನದು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದದ್ದನ್ನು ಬರೆಯಲು ನಮಗೆ ಕೈ ಬಾರದು. ಇಟ್ಟುಕೊಂಡೇ ಇರದ ಹೆಸರನ್ನು ಬಿಟ್ಟೆವು ಎಂದು ಊರಿಗೆ ಡಂಗುರ ಸಾರುವುದು ಹೇಗೆ? ನನಗೆ ಇವತ್ತಿಗೂ ತಿಳಿಯದು. ಕೊನೆಗೆ ಹಳೆಯ ಹೆಸರಿನ ಸುದ್ದಿಯನ್ನೇ ಎತ್ತದೆ, ಹೊಸ ಹೆಸರಿನಲ್ಲಿ, ಹೊಸ ನಂಬರಿನಿಂದ, ಹೊಸ ಚಿತ್ರ ಹಾಕಿ ಎಲ್ಲರಿಗೂ ಸಂದೇಶ ಕಳಿಸಿದೆವು. ನಾವೇ ಎಂದು ಗುರುತು ಹತ್ತುವಂಥದು ಅದರಲ್ಲಿ ಒಂದೂ ಇರಲಿಲ್ಲ ಎಂಬುದು ಆಗ ಇಬ್ಬರಿಗೂ ಹೊಳೆಯಲಿಲ್ಲ. ಮಗಳು ಓದಿದವಳು ಎಂದು ನಾನು ನಂಬಿದ್ದೆ, ಅವ್ವ ವ್ಯಾಪಾರ ಮಾಡಿದವಳು ಎಂದು ಅವಳು.

ಸಂದೇಶ ಕಳಿಸುವ ಹಿಂದಿನ ದಿನ ಹೆಂಗಸರನ್ನು ಕೂಡಿಸಿ ಹೇಳಿದ್ದೆ. ಮಗಳು ಬರೆದುಕೊಟ್ಟ ಚೀಟಿಯಲ್ಲಿ ಬೆಳವಣಿಗೆ, ಗುಣಮಟ್ಟ, ಹೊಸ ಹೆಜ್ಜೆ ಎಂದೆಲ್ಲ ಇತ್ತು. ಅದನ್ನು ಓದಿದೆ. ಹದಿನಾಲ್ಕು ಹಂಚುಗಳ ಮುಂದೆ ಹದಿನಾಲ್ಕು ಜನ ಕೂತಿದ್ದರು. ಎಲ್ಲರಿಗಿಂತ ಹಿರಿಯಳು, ಮೊದಲ ದಿನದಿಂದ ನನ್ನ ಜೊತೆ ಇದ್ದವಳು, ಕೈಯ ಹಿಟ್ಟು ಒರೆಸಿಕೊಂಡು ಕೇಳಿದಳು.

"ಯಾರಿಗೆ ಮಾರಿದಿ ಯಕ್ಕಾ?"

"ಯಾರಿಗೂ ಮಾರಿಲ್ಲವಾ. ಹೆಸರಷ್ಟ ಬದಲಿ. ನೀವೂ ಇರ್ತೀರಿ, ನಾನೂ ಇರ್ತೀನಿ."

"ಮಿಷನ್ ತರಸ್ತಿ ಏನು? ರೊಟ್ಟಿ ಮಾಡೂ ಮಿಷನ್ ಬಂದಾವಂತಲ್ಲ."

"ಇಲ್ಲಂದ್ನಲ್ಲ!"

"ಮತ್ತ ಹೆಸರ್ಯಾಕ ಬದಲಿ?"

ನಾನು ಚೀಟಿಯನ್ನು ಮಡಚಿದೆ. ಎಲ್ಲರೂ ಕಣ್ಣು ಕೆಳಗೆ ಹಾಕಿ ಹಿಟ್ಟು ನಾದಲು ಶುರು ಮಾಡಿದರು. ಅವರಿಗೆಲ್ಲ ಆ ಹೆಸರು ಗೊತ್ತಿತ್ತು ಎಂದು ನನಗೆ ಆಗ ಗೊತ್ತಾಯಿತು. ಬಸ್ಸಿನಲ್ಲಿ, ಸಂತೆಯಲ್ಲಿ ಎಲ್ಲಿ ದುಡಿಯುತ್ತೀ ಎಂದು ಯಾರಾದರೂ ಕೇಳಿದರೆ ಅವರೂ ಅದನ್ನೇ ಹೇಳುತ್ತಿದ್ದಿರಬೇಕು.

"ಸುಮ್ನ" ಎಂದೆ. ನಮ್ಮ ಕಡೆ ಸುಮ್ಮನೆ ಎಂದರೆ ಯಾರೂ ನಂಬುವುದಿಲ್ಲ. ಮರುದಿನ ಮೂವರು ಕೆಲಸಕ್ಕೆ ಬರಲಿಲ್ಲ, ಉದ್ಯೋಗ ಖಾತ್ರಿ ಕೆಲಸಕ್ಕೆ ಹೆಸರು ಬರೆಸಲು ಹೋಗಿದ್ದಾರೆ ಎಂಬ ಸುದ್ದಿ ಬಂತು. ಮಿಷನ್ನು ಬೆಳಗಾವಿಯಿಂದ ಹೊರಟಿದೆ ಎಂದು ಯಾರೋ ಹೇಳಿದ್ದರಂತೆ. ಹೊರಡದ ಮಿಷನ್ನನ್ನು ಎಲ್ಲಿ ಹೋಗಿ ನಿಲ್ಲಿಸಲಿ ನಾನು?

ಶುಕ್ರವಾರ ಅದಕ್ಕಿಂತ ದೊಡ್ಡದು ಕಾದಿತ್ತು. ಬೆಳಿಗ್ಗೆ ಬಾಗಿಲು ತೆರೆದರೆ ಹದಿನಾಲ್ಕೂ ಜನ, ಬಿಟ್ಟುಹೋದ ಆ ಮೂವರೂ ಸೇರಿ, ತಲೆ ಎರೆದುಕೊಂಡು ಮಡಿ ಸೀರೆ ಉಟ್ಟು ನಿಂತಿದ್ದರು. ಹಿರಿಯಳ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಕುಬಸದ ಖಣ, ಹಸಿರು ಬಳೆ, ಉತ್ತತ್ತಿ, ಅರಿಷಿಣ ಬೇರು, ತೆಂಗಿನಕಾಯಿ. ಮುತ್ತೈದೆಯರಿಗೆ ಉಡಿ ತುಂಬುವ ಸಾಮಾನು.

"ಏನಿದು?" ಎಂದೆ.

"ಮೊದ್ಲ ಹೇಳಬಾರದೇನ ಯಕ್ಕಾ?" ಅವಳ ಮುಖವೆಲ್ಲ ನಗು. "ನಾವೇನ ಹೊರಗಿನವ್ರಾ? ಯಜಮಾನ್ರು ಬಂದಾರಂತಲ್ಲ."

"ಯಾವ ಯಜಮಾನ?"

"ಅಯ್ಯ, ಗೋವಾದಿಂದ! ಕೊಪ್ಪಳದಾಗ ಮನಿ ಮಾಡಿ ಇಟ್ಟಿ ಅಂತ ಊರ ತುಂಬ ಐತಿ. ಅದಕ್ಕ ಅಲ್ಲೇನು ಹೆಸರು ಬದಲಿ ಮಾಡಿದ್ದು? ಗಂಡ ಬಂದ ಮ್ಯಾಲ ಆ ಹೆಸರು ಹೆಂಗ ಹೊಂದತೈತಿ?"

ಅವರ ಲೆಕ್ಕದಲ್ಲಿ ತಪ್ಪೇನಿದೆ ಹೇಳಿ. ಹೆಸರು ಯಾವುದರಿಂದ ಬಂತೋ ಅದು ಸರಿಹೋಯಿತು, ಅದಕ್ಕೇ ಹೆಸರು ಹೋಯಿತು ಎಂದು ತಿಳಿದರು. ನಾವು ಬೆಳವಣಿಗೆ, ಗುಣಮಟ್ಟ ಎಂದು ಸಾರಿದೆವು, ಊರು ಅದನ್ನು ಗಂಡ ಬಂದ ಎಂದು ಕೇಳಿಸಿಕೊಂಡಿತು. ಗಡಿಗೆ ಬಾಯಿ ಮುಚ್ಚಬಹುದು, ಮಂದಿ ಬಾಯಿ ಮುಚ್ಚಲು ಬರುವುದಿಲ್ಲ.

"ಯಾರೂ ಬಂದಿಲ್ಲ! ಬಂದ್ರ ಒಲಿ ಕೊಳ್ಳಿ ತಗೊಂಡು ಓಡಸ್ತೀನಿ!" ಎಂದು ಓಣಿಗೆ ಕೇಳುವಂತೆ ಕೂಗಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಡಿಗೆಂದು ತಂದದ್ದನ್ನು ವಾಪಸು ಒಯ್ಯಬಾರದು. ಬೇರೆಯವರಿಗೂ ಕೊಡಬಾರದು. ಹಿರಿಯಳು ತಟ್ಟೆಯನ್ನು ಕೆಳಗೆ ಇಳಿಸಿ, "ಬಂದ್ರೂ ತುಂಬತೀವಿ, ಬರದಿದ್ರೂ ತುಂಬತೀವಿ. ಕುಂದ್ರು" ಎಂದಳು.

ಕೂತೆ. ಗಂಡ ಹೋದ ಮೇಲೆ ಯಾರ ಮನೆಯಲ್ಲೂ ನನ್ನನ್ನು ಉಡಿ ತುಂಬಿಸಿಕೊಳ್ಳಲು ಕರೆದಿರಲಿಲ್ಲ. ಸತ್ತವನ ಹೆಂಡತಿಯೂ ಅಲ್ಲ, ಇದ್ದವನ ಹೆಂಡತಿಯೂ ಅಲ್ಲ ಎಂದು ಮಂದಿ ನನ್ನನ್ನು ಬದಿಗಿಟ್ಟಿದ್ದರು. ಈಗ ಒಂದು ಸುಳ್ಳು ಸುದ್ದಿಯ ದೆಸೆಯಿಂದ ತೆಂಗಿನಕಾಯಿ ಮಡಿಲಿಗೆ ಬಿತ್ತು. ಬೈಯಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಆ ಹೊತ್ತಿಗೆ ಹೊರಗಿನ ಗಿರಾಕಿಗಳ ಕಡೆಯಿಂದ ಬೇರೆಯೇ ಗೋಳು. ನಮ್ಮ ರೊಟ್ಟಿ ದೂರದ ಊರುಗಳಿಗೆ ಹೋಗುವುದು ಬಸ್ಸಿನಲ್ಲಿ. ಕಟ್ಟು ಕಟ್ಟಿ ಗಂಗಾವತಿ ಬಸ್ಸಿಗೆ ಹಾಕಿ, ಇಂಥ ಬಸ್ಸಿಗೆ ಹಾಕಿದ್ದೇವೆ ಎಂದು ಫೋನ್ ಮಾಡಿದರೆ ಅವರು ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಾರೆ. ಎಷ್ಟೋ ಗಿರಾಕಿಗಳ ಮುಖವನ್ನು ನಾನು ನೋಡಿಲ್ಲ, ನನ್ನದನ್ನು ಅವರು ನೋಡಿಲ್ಲ. ಹೊಸ ನಂಬರಿನಿಂದ ಫೋನ್ ಮಾಡಿದರೆ ಕೆಲವರು ಎತ್ತಲಿಲ್ಲ. ಎತ್ತಿದವರು, "ನಮಗ ರೊಟ್ಟಿ ಬರಾವ ಬರ್ತಾವ್ರಿ, ಹೊಸಾವು ಬ್ಯಾಡ" ಎಂದರು. ನಮ್ಮ ರೊಟ್ಟಿಯೇ ನಮ್ಮ ರೊಟ್ಟಿಗೆ ಅಡ್ಡ ನಿಂತಿತ್ತು. ಗಂಗಾವತಿಯ ಖಾನಾವಳಿಯವನು, ನಮ್ಮ ಗಿರಾಕಿಗಳಲ್ಲೇ ಎಲ್ಲರಿಗಿಂತ ದೊಡ್ಡವನು, ಫೋನಿನಲ್ಲಿ ಮಾತ್ರ ಗೊತ್ತಿದ್ದವನು, ಹಸಿರು ಕವರಿನ ಕಟ್ಟನ್ನು ಬಿಚ್ಚಿಯೂ ನೋಡದೆ ಮರು ಬಸ್ಸಿಗೆ ಹಾಕಿ ಕಳಿಸಿಬಿಟ್ಟ. ವಾರಕ್ಕೆ ಆರು ದಿನ ಉರಿಯುತ್ತಿದ್ದ ಹಂಚು ಮೂರು ದಿನಕ್ಕೆ ಇಳಿಯಿತು. ಹೆಂಗಸರು ಉಳಿದ ಮೂರು ದಿನ ಮನೆಯಲ್ಲಿ ಕೂತರು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

"ಹಳೇ ನಂಬರ್ ಚಾಲೂ ಮಾಡೂಣೇನು?" ಎಂದು ಮಗಳನ್ನು ಕೇಳಿದೆ.

"ಕನಕಗಿರಿಯವ್ರು ಬಂದು ಹೋಗಲಿ ಅವ್ವಾ. ಇನ್ನೊಂದು ತಿಂಗಳು" ಎಂದಳು.

ಎತ್ತು ಏರಿಗೆ, ಕೋಣ ನೀರಿಗೆ. ಒಂದು ಕಡೆ ಇವಳ ಮದುವೆ, ಒಂದು ಕಡೆ ಹದಿನಾಲ್ಕು ಮನೆಯ ಒಲೆ. ಖುದ್ದು ಹೋಗಿ ಮಾತಾಡಿದರೆ ಹೆಸರು ಎತ್ತದೆಯೇ ಒಪ್ಪಿಸಬಹುದು ಎಂದು ಭಾನುವಾರ ಇಬ್ಬರೂ ಒಂದೊಂದು ಕಟ್ಟು ಹೊತ್ತು ಗಂಗಾವತಿ ಬಸ್ಸು ಹತ್ತಿದೆವು.

ಖಾನಾವಳಿಯಲ್ಲಿ ಊಟದ ಹೊತ್ತು. ರೈಸ್ ಮಿಲ್ಲಿನ ಹಮಾಲರು ಸಾಲಾಗಿ ಕೂತಿದ್ದರು. ಸುತ್ತಲೂ ಭತ್ತ ಬೆಳೆಯುವ ಊರಿನಲ್ಲಿ ನಮ್ಮ ಜೋಳದ ರೊಟ್ಟಿ ನಡೆಯುವುದೇ ಇವರಿಂದ. ಬಹಳ ಜನ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದವರು, ದಿನವಿಡೀ ಅಕ್ಕಿ ಚೀಲ ಹೊತ್ತರೂ ರೊಟ್ಟಿ ಇಲ್ಲದೆ ಅವರಿಗೆ ಊಟ ಆಗುವುದಿಲ್ಲ. ಮಾಲೀಕ ಗಲ್ಲಾದಲ್ಲಿದ್ದ. ನಾನು ಕಟ್ಟು ಇಳಿಸಿ ಹೊಸ ಹೆಸರು ಹೇಳಿದೆ.

"ಬ್ಯಾಡ್ರಿ ಅವ್ವಾರ" ಎಂದ. "ಹೋದ ವಾರನೂ ಕಳಸಿದ್ರಿ, ವಾಪಸ್ ಹಾಕಿದ್ನಿ. ನಮಗ ಯಲಬುರ್ಗಾದ್ದು ಗಂಡ ಬಿಟ್ಟಾಕಿ ರೊಟ್ಟಿ ಬರ್ತಾವ. ಬ್ಯಾರೆ ಹಾಕಿದ್ರ ಇವ್ರು ಎದ್ದು ಹೋಗ್ತಾರ."

ಮಗಳು ನನ್ನ ಪಕ್ಕದಲ್ಲಿ ನಿಂತಿದ್ದಳು. ಅವಳ ಕಡೆ ನೋಡಲಿಲ್ಲ. "ಇವೂ ಯಲಬುರ್ಗಾದ್ದ ಅದಾವ್ರಿ. ಅದ ಹಿಟ್ಟು, ಅದ ಕೈ. ಒಂದ ಸರ್ತಿ ಮುರದು ನೋಡ್ರಿ" ಎಂದೆ.

ಮಾಲೀಕನಿಗೆ ಸಿಟ್ಟು ಬಂತು. "ಎಲ್ಲಾರೂ ಹಂಗ ಅಂತಾರ. ಆಕಿ ಫೋನ್ ಬಂದ್ ಆಗೇತಿ, ಏನಾಗೇತೋ ಏನೋ ಪಾಪ, ಗೊತ್ತಿಲ್ಲ. ಅಷ್ಟರಾಗ ನೀವು ಬಣ್ಣದ ಕವರ್ ಹಾಕ್ಕೊಂಡು ಆಕಿ ಗಿರಾಕಿ ಹಿಡ್ಯಾಕ ಬಂದೀರಿ. ಒಬ್ಬಾಕಿ ಹೆಣ್ಮಗಳು ಕೈ ಸುಟ್ಕೊಂಡು ಕಟ್ಟಿದ ವ್ಯಾಪಾರ ಅದು. ಹೆಂಗಸರಾಗಿ ನಿಮಗರ ನಾಚಿಕಿ ಬ್ಯಾಡೇನ್ರಿ?"

ನನಗೆ ನಗು ಬರುವಂತಾಯಿತು, ಕಣ್ಣಲ್ಲಿ ನೀರೂ ಬಂತು. ಈ ಪುಣ್ಯಾತ್ಮ ನನ್ನ ಪರವಾಗಿ ನನಗೇ ಬೈಯುತ್ತಿದ್ದ. ಎರಡು ತಿಂಗಳು ನಾನು ಯಾವ ಹೆಸರು ಯಾರ ಬಾಯಿಂದಲೂ ಕೇಳಿಸಬಾರದು ಎಂದು ಒದ್ದಾಡಿದ್ದೆನೋ, ಅವನ ಬಾಯಲ್ಲಿ ಅದು ಬೈಗುಳವಾಗಿ ಕೇಳಿಸಲೇ ಇಲ್ಲ. ಹಮಾಲರು ಊಟ ನಿಲ್ಲಿಸಿ ನಮ್ಮನ್ನು ದುರುಗುಟ್ಟಿ ನೋಡುತ್ತಿದ್ದರು. ಮಗಳು ಸೆರಗು ಜಗ್ಗಿದಳು. "ಬಾ ಅವ್ವಾ, ಹೋಗೂಣು."

ಹೋಗಬಹುದಿತ್ತು. ಹೋದರೆ ಆ ಕಟ್ಟುಗಳನ್ನು ಹೊತ್ತುಕೊಂಡು ಹೋಗಿ ಹೆಂಗಸರ ಮುಂದೆ ಇಡಬೇಕಿತ್ತು.

"ನಾನ ರೀ ಆಕಿ" ಎಂದೆ.

"ಯಾರು?"

"ಗಂಡ ಬಿಟ್ಟಾಕಿ."

ಅದನ್ನು ನಾನು ಹಿಂದೆ ಒಮ್ಮೆಯೂ ಬಾಯಿಬಿಟ್ಟು ಅಂದಿರಲಿಲ್ಲ. ಮಾಲೀಕ ನನ್ನ ದನಿಯ ಗುರುತು ಹಿಡಿಯುವಂತೆ ತಲೆ ಓರೆ ಮಾಡಿದ. ಸಾಲಿನಲ್ಲಿದ್ದ ಒಬ್ಬ ವಯಸ್ಸಾದ ಹಮಾಲ ಎದ್ದು ಬಂದು, ಕವರು ಹರಿದು ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ. "ಆಕಿದ ಐತಿ" ಎಂದ. ಮಾಲೀಕ ಗಲ್ಲಾ ಬಿಟ್ಟು ಎದ್ದು ಕೈಮುಗಿದ, ಒಳಗಿನಿಂದ ಹೆಂಡತಿಯನ್ನು ಕರೆದ, ನಮ್ಮನ್ನು ಕೂಡಿಸಿ ಊಟಕ್ಕೆ ಹಾಕಿದ. ನಾನು ಉಂಡೆ. ಮಗಳು ತಟ್ಟೆ ಮುಟ್ಟಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ಮಾಡಿ ಕೂತಳು. ಕೊಪ್ಪಳ ದಾಟಿತು. ನಾನು ಮಾತಿನ ಮೇಲೆ ಮಾತು ಕೂಡಿಸುತ್ತಿದ್ದೆ, ಹದಿನಾಲ್ಕು ಮಂದಿ, ಮೂರು ದಿನದ ಕೆಲಸ, ಬೇರೆ ದಾರಿ ಇರಲಿಲ್ಲ ಎಂದು. ತಳಕಲ್‌ನಲ್ಲಿ ಬಸ್ಸು ನಿಂತು ಅರ್ಧ ಮಂದಿ ಇಳಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ನನಗ ಸಿಟ್ಟು ಬಂದಿದ್ದಿಲ್ಲೇನು? ಆ ಹೆಸರು ಕೇಳಿದ ದಿನ ನಾ ಉಂಡಿಲ್ಲ. ಎರಡು ತಿಂಗಳಾತು, ನುಂಗ್ಕೊಂಡು ಕುಂತೀನಿ. ನೀನೂ ಸ್ವಲ್ಪ ನುಂಗ್ಕೊ."

ಅವಳು ಆಗ ತಿರುಗಿದಳು.

"ನಿನಗ ಎರಡು ತಿಂಗಳಾತು ಅವ್ವಾ. ನನಗ ಎರಡನೇತ್ತ್ಯಾಗಿಂದ ಗೊತ್ತೈತಿ. ಸಾಲ್ಯಾಗ ನಾ ಡಬ್ಬಿ ತಗದ್ರ ಸಾಕು, ಹುಡುಗೂರು ಅದನ್ನ ಅಂತಿದ್ರು. ನನ್ನ ಹೆಸರು ಹಿಡದು ಯಾರೂ ಕರೀತಿದ್ದಿಲ್ಲ."

ಬಸ್ಸು ಹೊರಟಿತು. ನಾನು ಇದನ್ನು ನನ್ನ ಹೆಸರು, ನನ್ನ ಅವಮಾನ, ನನ್ನ ಕಂಪನಿ ಎಂದೇ ತಿಳಿದು ಹಾರಾಡಿದ್ದೆ.

"ಕನಕಗಿರಿಯವ್ರಿಗೆ ಏನ ಹೇಳೂದು ಈಗ?" ಎಂದೆ, ಬೇರೇನೂ ತೋಚದೆ.

"ಇದ್ದದ್ದು ಹೇಳ್ತೀನಿ. ನಾನ ಹೇಳ್ತೀನಿ, ನೀ ಸುಮ್ನ ಕುಂದ್ರು. ಒಪ್ಪಿದ್ರ ಒಪ್ಪಲಿ." ಕಿಟಕಿಯ ಗಾಜು ಸರಿಸಿ, "ಹಳೇ ನಂಬರ್ ನಾಳೆ ಚಾಲೂ ಮಾಡು" ಎಂದಳು.

ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ನಾನು ಸುಮ್ಮನಿರುವವಳಲ್ಲ. "ಅವಾಗ್ಯಾಕ ಹೇಳಲಿಲ್ಲ ನನಗ? ಸಾಲಿಗೆ ಬಂದು ಒಬ್ಬೊಬ್ಬರ ಕಿವಿ ಹಿಂಡತಿದ್ನಿ. ಇಷ್ಟ್ ವರ್ಷ ಯಾಕ ಮುಚ್ಚಿಟ್ಟಿ?"

"ಹೇಳಿದ್ರ ನೀ ರೊಟ್ಟಿ ಬಡಿಯೂದ ಬಿಟ್ಟಬಿಡ್ತಿದ್ದಿ" ಎಂದಳು. "ಆಮ್ಯಾಲ ನಾವಿಬ್ಬರು ಏನ ತಿಂತಿದ್ವಿ?"